ಹದ ಎಂಬ ಪದವೂ ತೊಂಬತ್ತಾರು ಪದಗಳ ಭಾಷೆಯೂ

ಕಳೆದ ಹಿಂಗಾರಿನಿಂದ ನಾನು ಬಿಡುವಿನ ವೇಳೆಯಲ್ಲಿ ಒಂದು ಪುಟ್ಟ ಭಾಷೆಯನ್ನು ಕಟ್ಟುತ್ತಿದ್ದೇನೆ. ಪದಗಳು ನೂರನ್ನು ದಾಟಬಾರದು ಎಂಬುದು ನಾನೇ ಹಾಕಿಕೊಂಡ ಕಟ್ಟು. ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ಕೆನಡಾದ ಸೋನ್ಯಾ ಲ್ಯಾಂಗ್ ಅವರು 2001ರಲ್ಲಿ ಹೊರತಂದ ಟೋಕಿ ಪೋನ. ಒಂಬತ್ತು ವ್ಯಂಜನ, ಐದು ಸ್ವರ, ಸುಮಾರು 120 ಪದಗಳು ಅದರ ಒಟ್ಟು ಆಸ್ತಿ. ಅಷ್ಟರಲ್ಲೇ ಅದನ್ನು ಕಲಿತವರು ಹರಟುತ್ತಾರೆ, ಕವಿತೆ ಬರೆಯುತ್ತಾರೆ.

ಧ್ವನಿಗಳ ಆಯ್ಕೆಯಲ್ಲಿ ವಿಜಯಪುರದ ಆಡುಮಾತೇ ಅರ್ಧ ಕೆಲಸ ಮಾಡಿಕೊಟ್ಟಿತು. ನಮ್ಮಲ್ಲಿ ಮನೆ ಮನಿಯಾಗುತ್ತದೆ, ಬೆಳೆ ಬೆಳಿಯಾಗುತ್ತದೆ. ಪದದ ಕೊನೆಯ ಎಕಾರ ಇಕಾರದಲ್ಲಿ ಕರಗುವಾಗ ಎರಡನ್ನೂ ಇಟ್ಟುಕೊಂಡು ಕಲಿಯುವವರನ್ನು ತೊಡಕಿಗೆ ಸಿಲುಕಿಸುವುದೇಕೆ ಎಂದು ಅ, ಇ, ಉ ಮೂರನ್ನೇ ಉಳಿಸಿಕೊಂಡೆ. ಬಸ್ಸು, ಕಾರು ಎಂದು ಪರಭಾಷೆಯ ಪದಕ್ಕೂ ಸ್ವರ ಹಚ್ಚಿ ಮುಗಿಸುವವರು ನಾವು. ಹಾಗಾಗಿ ನನ್ನ ಪದಗಳೆಲ್ಲವೂ ಸ್ವರಾಂತ.

ಅರ್ಥದ ವಿಷಯದಲ್ಲಿ ಮಾತ್ರ ಮೊದಲ ಮೂರು ತಿಂಗಳು ದಾರಿ ತಪ್ಪಿದೆ. ಎತ್ತು, ನೀರು, ಮನೆ ಎಂದು ಮುಖ್ಯ ವಸ್ತುಗಳಿಗೆ ಹೆಸರಿಟ್ಟು, ಉಳಿದವನ್ನು ಅವುಗಳ ಜೋಡಣೆಯಿಂದ ಪಡೆಯಬಹುದು ಎಂದುಕೊಂಡಿದ್ದೆ. 'ನೀರಿನ ಮನೆ' ಎಂದರೆ ಬಾವಿ ಎಂದು ಒಮ್ಮೆ ಗೊತ್ತುಮಾಡಿದ ಮೇಲೆ ಅದನ್ನು ಬಾಯಿಪಾಠ ಮಾಡಲೇಬೇಕು, ಅಂದರೆ ಅದೂ ಒಂದು ಹೊಸ ಪದವೇ. ನನ್ನ ನೋಟ್‌ಬುಕ್ಕಿನಲ್ಲಿ ಇಂಥ ಜೋಡಿಗಳು ಮುನ್ನೂರಕ್ಕೆ ಏರಿದ್ದವು. ಸಿ. ಕೆ. ಆಗ್ಡನ್ 1930ರಲ್ಲಿ ಇಂಗ್ಲಿಷನ್ನು 850 ಪದಗಳಿಗೆ ಇಳಿಸಿದಾಗಲೂ ಆದದ್ದು ಇದೇ: ಅವರು 18 ಕ್ರಿಯಾಪದಗಳನ್ನಷ್ಟೇ ಉಳಿಸಿದರು, ಆದರೆ ಅವುಗಳಿಗೆ ಚಿಕ್ಕಪುಟ್ಟ ಪದಗಳು ಸೇರಿ ಹುಟ್ಟುವ ಅರ್ಥಗಳನ್ನು ಒಂದೊಂದಾಗಿಯೇ ಕಲಿಯಬೇಕಾಗುತ್ತದೆ.

ಮನೆಯಲ್ಲಿ ದಿನವೂ ಕಿವಿಗೆ ಬೀಳುವ 'ಹದ' ಎಂಬ ಪದ ನನ್ನನ್ನು ಈ ಗೊಂದಲದಿಂದ ಪಾರುಮಾಡಿತು. ಮಳೆ ಬಿದ್ದ ಮೇಲೆ ಎರೆ ಹೊಲ ಹದಕ್ಕೆ ಬರುತ್ತದೆ, ಬೆಲ್ಲದ ಪಾಕಕ್ಕೆ ಹದವಿದೆ, ರೊಟ್ಟಿಯ ಹಿಟ್ಟಿಗೆ ಹದವಿದೆ, ಕಮ್ಮಾರ ಕುಡುಗೋಲಿಗೆ ಹದ ಕೊಡುತ್ತಾನೆ, ತೊಗಲನ್ನೂ ಹದ ಮಾಡುತ್ತಾರೆ. ಇಷ್ಟು ಕಡೆ ಹರಡಿದರೂ ಆ ಪದ ಮಸುಕಾಗಿಲ್ಲ. ವಸ್ತುವೊಂದು ಕೆಲಸಕ್ಕೆ ಒದಗುವ ಸ್ಥಿತಿಗೆ ಬಂದಿದೆ ಎಂಬ ತಿರುಳು ಎಲ್ಲೆಡೆಯೂ ಗಟ್ಟಿಯಾಗಿದೆ. ಚಿಕ್ಕ ಭಾಷೆಗೆ ಬೇಕಾದದ್ದು ಇಂಥ ಅಗಲವಾದ ಪದಗಳೇ ಎಂದು ಮನಗಂಡು ಹಳೆಯ ಪಟ್ಟಿಯನ್ನು ಪೂರ್ತಿ ಹೊಡೆದುಹಾಕಿದೆ.

ಹೊಸ ಪಟ್ಟಿ 96 ಪದಗಳಿಗೆ ನಿಂತಿತು. ಅದರಲ್ಲಿ ಮಣ್ಣಿಗೆ 'ಲಕ', ಹದಕ್ಕೆ 'ತಿಮು'. 'ಲಕ ತಿಮು' ಎಂದು ಅವ್ವನಿಗೆ ಹೇಳಿ, ಮಣ್ಣು ಹದಕ್ಕೆ ಬಂದಿದೆ ಎಂದು ಬಿಡಿಸಿದೆ. ಅವಳು ಹಿಟ್ಟು ನಾದುತ್ತಲೇ ಕೇಳಿದಳು: "ಎದಕ್ಕ ಹದ ಆಗೈತಿ? ಬಿತ್ತಾಕೋ, ಹರಗಾಕೋ?" ಬಿತ್ತುವುದಕ್ಕೆ ಬೀಜ ಬೀಳುವ ಆಳದಲ್ಲಿ ತೇವ ನಿಂತಿರಬೇಕು, ಹರಗುವುದಕ್ಕೆ ಮೇಲ್ಮಣ್ಣು ಆರಿರಬೇಕು, ಇಲ್ಲವಾದರೆ ಎರೆ ಮಣ್ಣು ಕುಂಟೆಗೆ ಮೆತ್ತಿಕೊಳ್ಳುತ್ತದೆ. ಅಗಲವಾದ ಪದದ ಜೊತೆಗೆ ಉದ್ದೇಶವನ್ನು ತೋರುವ ಒಂದು ಕೊಂಡಿಯೂ ಬೇಕು ಎಂಬುದು ನನಗೆ ಹೊಳೆದದ್ದು ಆಗ. 'ಪು' ಎಂಬ 97ನೆಯ ಪದ ಸೇರಿತು. 'ಸಿನ' ಎಂದರೆ ಬೀಜ, ಮೊಳಕೆ, ಬಿತ್ತುವುದು. 'ಸಿನ ಪು ಲಕ ತಿಮು' ಎಂದರೆ ಬಿತ್ತಲು ನೆಲ ಹದವಾಗಿದೆ.

ಈಗ ನಿಷೇಧದ ಪದಕ್ಕೆ ಬಂದು ನಿಂತಿದ್ದೇನೆ. ಟೋಕಿ ಪೋನದಲ್ಲಿ ಎಲ್ಲ ಬಗೆಯ ನಿಷೇಧಕ್ಕೂ 'ಅಲ' ಎಂಬ ಒಂದೇ ಪದ ಸಾಕಾಗುತ್ತದೆ, ಕೇಳಲು ನಮ್ಮ 'ಅಲ್ಲ'ದಂತೆಯೇ ಇದೆ. ಒಂದು ಪದ ಉಳಿಯುತ್ತದೆ ಎಂಬ ಆಸೆಯಿಂದ ನಾನೂ ಹಾಗೆಯೇ ಮಾಡಿ ನೋಡಿದೆ. ಆದರೆ ಬಾವಿಯೊಳಗೆ ಇಣುಕಿದವನು 'ನೀರಿಲ್ಲ' ಎಂದನೋ 'ನೀರಲ್ಲ' ಎಂದನೋ ತಿಳಿಯದ ಭಾಷೆಯನ್ನು ಈ ಜಿಲ್ಲೆಯಲ್ಲಿ ಕುಳಿತು ಕಟ್ಟಲು ನನಗೆ ಮನಸ್ಸು ಬಾರದು; ಉಳಿದ ಮೂರು ಜಾಗಗಳಲ್ಲಿ ಎರಡನ್ನು ಇವಕ್ಕೇ ಬಿಟ್ಟುಕೊಡುತ್ತಿದ್ದೇನೆ.