ಗೋವಿನಜೋಳದ ಹೊಲಕ್ಕೆ ಎಫ್‌ಬಿಐ ಬಂದಿದ್ದು

"ಅಲ್ಲಣ್ಣ, ಒಂದು ಹಿಡಿ ಜೋಳ ಕದ್ದರೆ ಎಫ್‌ಬಿಐ ಬರ್ತಾರಾ?"

ಆಫೀಸಿಗೆ ಹೊಸದಾಗಿ ಸೇರಿದ ನಮ್ಮ ಕನ್ನಡದ ಹುಡುಗ ಊಟದ ಹೊತ್ತಿನಲ್ಲಿ ಕೇಳಿದ ಪ್ರಶ್ನೆ ಇದು. ನಾವಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ಬಿತ್ತನೆ ಮಷೀನುಗಳಿಗೆ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಇಲ್ಲಿ ಯಾವ ದಿಕ್ಕಿಗೆ ಕಾರು ಓಡಿಸಿದರೂ ಗೋವಿನಜೋಳ ಅಥವಾ ಸೋಯಾ. ಇಲ್ಲಿ ಸೇರಿದವರಿಗೆಲ್ಲ ಯಾರಾದರೂ ಒಬ್ಬರು ಟಾಮಾ ಕೌಂಟಿಯ ಕಥೆ ಹೇಳಿಯೇ ಹೇಳುತ್ತಾರೆ. ಈ ಸಲ ಹೇಳುವ ಸರದಿ ನನ್ನದಾಯಿತು.

2011ರ ಮೇ ತಿಂಗಳು. ಬಿತ್ತನೆ ಆಗಷ್ಟೇ ಮುಗಿದಿತ್ತು. ಪಯೋನೀರ್ ಬೀಜದ ಕಂಪನಿಯವರು ಟಾಮಾ ಕೌಂಟಿಯ ಒಂದು ಹೊಲದಲ್ಲಿ ಪ್ರಯೋಗಕ್ಕೆ ಬೀಜ ಹಾಕಿದ್ದರು. ಅಲ್ಲಿ ಒಂದು ಬೋರ್ಡೂ ಇರಲಿಲ್ಲ. ಹೊಲ ನೋಡಿಕೊಳ್ಳುವ ಮ್ಯಾನೇಜರ್ ಬಂದು ನೋಡಿದರೆ, ಒಬ್ಬ ಮಂಡಿಯೂರಿ ಕೂತು ಮಣ್ಣು ಕೆದಕುತ್ತಿದ್ದಾನೆ. ಇನ್ನೊಬ್ಬ ಕಾರಿನಲ್ಲಿದ್ದಾನೆ. ಏನಪ್ಪಾ ಅಂದರೆ, ಯೂನಿವರ್ಸಿಟಿಯವರು, ಸಮ್ಮೇಳನಕ್ಕೆ ಹೊರಟಿದ್ದೇವೆ ಎಂಬ ಉತ್ತರ. ಅಷ್ಟರಲ್ಲಿ ಮ್ಯಾನೇಜರಿಗೆ ಫೋನ್ ಬಂತು. ಅವರು ಆ ಕಡೆ ತಿರುಗಿದ್ದೇ ತಡ, ಇವರು ಕಾರು ಹತ್ತಿ ಓಟ ಕಿತ್ತರು.

ಕಾರಿನ ನಂಬರ್ ಹಿಡಿದು ಹೋದರೆ ಅದು ಬಾಡಿಗೆ ಕಾರು. ಪಡೆದವನು ಮೋ ಹೈಲಾಂಗ್ ಎಂಬಾತ. ಫ್ಲಾರಿಡಾದಲ್ಲಿ ಮನೆ, ಚೀನಾದ ಬೀಜದ ಕಂಪನಿಯೊಂದರಲ್ಲಿ ದೊಡ್ಡ ಕೆಲಸ. ಕಂಪನಿಯವರು ವಿಷಯವನ್ನು ಎಫ್‌ಬಿಐ ಕಿವಿಗೆ ಹಾಕಿದರು.

"ಅಂಗಡಿಗೆ ಹೋಗಿ ಒಂದು ಚೀಲ ಬೀಜ ಕೊಂಡುಕೊಂಡಿದ್ದರೆ ಆಗ್ತಿತ್ತಲ್ವಾ?" ಹುಡುಗನ ಮುಂದಿನ ಪ್ರಶ್ನೆ.

ಆಗುತ್ತಿರಲಿಲ್ಲ. ಚೀಲದಲ್ಲಿ ಬರುವುದು ಹೈಬ್ರಿಡ್. ಅದರ ಬೆಳೆಯಿಂದ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ ಬರುತ್ತದೆ. ಗುಟ್ಟಿರುವುದು ಅದರ ಅಪ್ಪ ಅಮ್ಮನಲ್ಲಿ, ಅಂದರೆ ಗಂಡು ತಳಿ, ಹೆಣ್ಣು ತಳಿಯಲ್ಲಿ. ಆ ಎರಡನ್ನೂ ಕಂಪನಿ ಯಾರಿಗೂ ಮಾರುವುದಿಲ್ಲ. ಕೋರ್ಟಿಗೆ ಕೊಟ್ಟ ಲೆಕ್ಕದ ಪ್ರಕಾರ ಅಂಥ ಒಂದು ತಳಿ ಕೈತಪ್ಪಿದರೆ 5ರಿಂದ 8 ವರ್ಷದ ಕೆಲಸ, ಕಡಿಮೆ ಅಂದರೂ 30ರಿಂದ 40 ಮಿಲಿಯನ್ ಡಾಲರ್ ಹೋದ ಹಾಗೆ. ಅದೆಲ್ಲ ಒಂದು ಹಿಡಿಯಲ್ಲಿ ಬರುತ್ತದೆ, ಜೇಬಿನಲ್ಲಿ ಹಿಡಿಯುತ್ತದೆ.

ಆಮೇಲೆ ಎಫ್‌ಬಿಐ ಏನು ಮಾಡಿತು? ತಕ್ಷಣ ಹೋಗಿ ಕೈಕೋಳ ಹಾಕಲಿಲ್ಲ. ಎರಡು ವರ್ಷಕ್ಕೂ ಜಾಸ್ತಿ ಹಿಂದೆ ಬಿದ್ದರು. ಬಾಡಿಗೆ ಕಾರಿನೊಳಗಿನ ಮಾತು ಕೇಳಿಸಿಕೊಂಡರು. ಗೂಢಚಾರರನ್ನು ಹಿಡಿಯಲು ಇರುವ ಫೀಸಾ ಕಾಯ್ದೆಯಡಿ ಅದಕ್ಕೆ ಅನುಮತಿ ಪಡೆದಿದ್ದರು. ಜೋಳಕ್ಕೆ! 2012ರಲ್ಲಿ ಮೋ ಜೊತೆಗಿದ್ದವರು ಶಿಕಾಗೋ ಏರ್‌ಪೋರ್ಟಿಗೆ ಬಂದಾಗ ಅವರ ಲಗೇಜು ಬಿಚ್ಚಿದರು. ಮೈಕ್ರೋವೇವ್ ಪಾಪ್‌ಕಾರ್ನ್ ಪೆಟ್ಟಿಗೆಗಳು. ಒಳಗೆ ಸಣ್ಣ ಸಣ್ಣ ಲಕೋಟೆ, ಲಕೋಟೆಯಲ್ಲಿ ಬೀಜ. ಜೋಳ ಬಚ್ಚಿಡಲು ಜೋಳದ್ದೇ ಪೆಟ್ಟಿಗೆ ಹುಡುಕಿದ ತಲೆಗೆ ಒಂದು ಶಹಬ್ಬಾಸ್ ಕೊಡಲೇಬೇಕು. ಮೋ 2013ರ ಡಿಸೆಂಬರಿನಲ್ಲಿ ಅರೆಸ್ಟ್ ಆದ, 2016ರಲ್ಲಿ ತಪ್ಪೊಪ್ಪಿಕೊಂಡ. ಮೂರು ವರ್ಷ ಜೈಲು.

ಇಷ್ಟು ಹೇಳುವಷ್ಟರಲ್ಲಿ ನನ್ನ ಅನ್ನ ತಣ್ಣಗಾಗಿತ್ತು.

ನನಗೂ ಮೊದಲು ಎಫ್‌ಬಿಐ ಅಂದರೆ ಸಿನಿಮಾ ಶುರುವಾಗುವ ಮುಂಚೆ ಬರುವ ಎಚ್ಚರಿಕೆ ಅಷ್ಟೇ. 5 ವರ್ಷ ಜೈಲು, 250,000 ಡಾಲರ್ ದಂಡ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಇಂಡಿಯನ್ ಅಂಗಡಿಯೊಂದರಲ್ಲಿ ಬೇಳೆ, ಅಕ್ಕಿ ಜೊತೆ ಡಿವಿಡಿಯೂ ಬಾಡಿಗೆಗೆ ಸಿಗುತ್ತಿತ್ತು. ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಕಾಪಿ ಡಿವಿಡಿಗಳು. ತಮಾಷೆ ಅಂದರೆ ಕೆಲವು ಇಂಗ್ಲಿಷ್ ಸಿನಿಮಾದ ಕಾಪಿಗಳಲ್ಲಿ ಎಫ್‌ಬಿಐ ಎಚ್ಚರಿಕೆಯೂ ನಿಯತ್ತಾಗಿ ಕಾಪಿ ಆಗಿರುತ್ತಿತ್ತು. ನಾವು ಅದನ್ನು ಓಡಿಸಿ ಮುಂದೆ ಹೋಗುತ್ತಿದ್ದೆವು.

ಆ ಎಚ್ಚರಿಕೆಯಲ್ಲಿ, ದುಡ್ಡು ಮಾಡದೆ ಕಾಪಿ ಮಾಡಿದರೂ ಅಪರಾಧ ಎಂಬ ಮಾತಿದೆ. ಅದು ಮೊದಲಿಂದ ಇದ್ದದ್ದಲ್ಲ. 1994ರಲ್ಲಿ ಇಲ್ಲಿನ ಎಂಐಟಿ ಯೂನಿವರ್ಸಿಟಿಯ ವಿದ್ಯಾರ್ಥಿಯೊಬ್ಬ ಜನ ಸಾಫ್ಟ್‌ವೇರನ್ನು ಪುಕ್ಕಟೆ ಹಂಚಿಕೊಳ್ಳಲು ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಟ್ಟ. ಅವನು ಒಂದು ಡಾಲರೂ ಮಾಡಿಕೊಂಡಿರಲಿಲ್ಲ. ಲಾಭವಿಲ್ಲದೆ ಮಾಡಿದ್ದಕ್ಕೆ ಕಾಪಿರೈಟ್ ಅಪರಾಧ ಹೊರಿಸುವಂತಿರಲಿಲ್ಲ. ಮೋಸದ ಕೇಸು ಹಾಕಿ ನೋಡಿದರು, ಕೋರ್ಟ್ ಅದನ್ನು ತಳ್ಳಿಹಾಕಿತು. 1997ರಲ್ಲಿ ಕಾನೂನನ್ನೇ ಬದಲಿಸಿದರು. 180 ದಿನದಲ್ಲಿ 1,000 ಡಾಲರಿಗಿಂತ ಜಾಸ್ತಿ ಬೆಲೆಯ ಮಾಲು ಬೇಕೆಂದೇ ಕಾಪಿ ಮಾಡಿದರೆ ಸಾಕು, ಲಾಭ ಬೇಕಿಲ್ಲ. ಪೇಟೆಂಟ್ ಮುರಿದರೆ ಮಾತ್ರ ಇಂದಿಗೂ ಇಲ್ಲಿ ಅದು ಅಪರಾಧವಲ್ಲ. ಕಂಪನಿಗಳೇ ಸಿವಿಲ್ ಕೋರ್ಟಿನಲ್ಲಿ ಬಡಿದಾಡಿಕೊಳ್ಳಬೇಕು.

ಕಂಪನಿಯ ಗುಟ್ಟು ಕದಿಯುವುದು ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅಪರಾಧವಾಗಿದ್ದು 1996ರಲ್ಲಿ. ಶಿಕ್ಷೆ 10 ವರ್ಷದವರೆಗೆ, ಬೇರೆ ದೇಶದ ಸರ್ಕಾರಕ್ಕಾಗಿ ಕದ್ದರೆ 15. ಅದರಲ್ಲಿ ಒಂದು ಷರತ್ತಿದೆ. ಗುಟ್ಟನ್ನು ಗುಟ್ಟಾಗಿಡಲು ಕಂಪನಿ ತಕ್ಕ ಪ್ರಯತ್ನ ಮಾಡಿರಬೇಕು. ಬಾಗಿಲು ತೆರೆದಿಟ್ಟು ಕಳ್ಳತನವಾಯಿತು ಅಂದರೆ ಆಗುವುದಿಲ್ಲ. ಏನು ಬಿತ್ತಿದ್ದಾರೆಂದು ಗೊತ್ತಾಗದ ಹಾಗೆ ಬೋರ್ಡಿಲ್ಲದೆ ಬಿಟ್ಟ ಹೊಲವೂ ಅಂಥ ಪ್ರಯತ್ನವೇ.

ಎಫ್‌ಬಿಐ ತಾನಾಗೇ ಮೂಗಿನ ಮೇಲೆ ಭೂತಗನ್ನಡಿ ಇಟ್ಟುಕೊಂಡು ಗುಟ್ಟು ಕಾಯುತ್ತಾ ಕೂತಿರುತ್ತದೆ ಅಂದುಕೊಂಡಿದ್ದೆ. ಈ ಕೇಸುಗಳನ್ನು ಓದಿದರೆ, ಬಹಳ ಸಲ ಮೊದಲು ಯಾರೋ ಫೋನ್ ಮಾಡಿರುತ್ತಾರೆ. 2006ರ ಕೋಕಾ ಕೋಲಾ ಕೇಸಿನಲ್ಲಿ ಸುಳಿವು ಕೊಟ್ಟವರು ಪೆಪ್ಸಿಯವರು! ಕೋಕಿನ ಗುಟ್ಟು ಮಾರುತ್ತೇವೆ ಎಂದು ಪೆಪ್ಸಿಗೆ ಪತ್ರ ಬಂತು. ಅವರು ಅದನ್ನು ಸೀದಾ ಕೋಕಿಗೆ ಕೊಟ್ಟರು, ಕೋಕಿನವರು ಎಫ್‌ಬಿಐಗೆ. ಏಜೆಂಟ್ ಒಬ್ಬ ಪೆಪ್ಸಿ ಕಡೆಯವನಂತೆ ನಟಿಸಿ, ಗರ್ಲ್ ಸ್ಕೌಟ್ ಹುಡುಗಿಯರು ಮಾರುವ ಬಿಸ್ಕತ್ತಿನ ಹಳದಿ ಡಬ್ಬದಲ್ಲಿ 30,000 ಡಾಲರ್ ನೋಟು ತುಂಬಿ ಅಟ್ಲಾಂಟಾ ಏರ್‌ಪೋರ್ಟಿನಲ್ಲಿ ಕೊಟ್ಟ. ಒಳಗಿನಿಂದ ಕಾಗದ ಸಾಗಿಸಿದ್ದ ಸೆಕ್ರೆಟರಿ, ತನ್ನ ಮೇಜಿನ ಬಳಿ ಫೈಲು ಹುಡುಕಿ ಬ್ಯಾಗಿಗೆ ತುಂಬುವಾಗ ಕ್ಯಾಮೆರಾದಲ್ಲಿ ಸಿಕ್ಕಿದ್ದಳು. 8 ವರ್ಷ ಜೈಲಾಯಿತು.

ಹುಡುಗ ಜೋರಾಗಿ ನಕ್ಕ. ನಾನು ಅಷ್ಟು ನಗಲಿಲ್ಲ. ಟೆಂಪಲ್ ಯೂನಿವರ್ಸಿಟಿಯ ಫಿಸಿಕ್ಸ್ ಪ್ರೊಫೆಸರ್ ಶೀ ಶಿಯಾವೊಶಿಂಗ್ ಅವರ ಮನೆಗೆ 2015ರ ಮೇನಲ್ಲಿ ಏಜೆಂಟರು ಬಂದೂಕು ಹಿಡಿದು ನುಗ್ಗಿದ್ದರು, ಹೆಂಡತಿ ಮಕ್ಕಳ ಎದುರಿಗೇ. ಪಾಕೆಟ್ ಹೀಟರ್ ಎಂಬ ಲ್ಯಾಬಿನ ಸಾಧನದ ವಿವರವನ್ನು ಚೀನಾಗೆ ಕಳಿಸಿದರು ಎಂಬುದು ಆರೋಪ. ಅವರು ಕಳಿಸಿದ್ದ ನಕ್ಷೆಯನ್ನು ಬಲ್ಲವರು ನೋಡಿ, ಇದು ಆ ಹೀಟರೇ ಅಲ್ಲ ಅಂದರು. ನಾಲ್ಕೇ ತಿಂಗಳಿಗೆ ಕೇಸು ವಾಪಸ್. ಅರೆಸ್ಟ್ ಮಾಡುವ ಮುಂಚೆ ಆ ನಕ್ಷೆಯನ್ನು ಬಲ್ಲವರ ಮುಂದೆ ಇಡಬಹುದಿತ್ತು. ಜೋಳದ ಹಿಂದೆ ಎರಡು ವರ್ಷ ಅಲೆದ ತಾಳ್ಮೆ ಇಲ್ಲಿ ಎಲ್ಲಿ ಹೋಗಿತ್ತೋ?

ಬೇರೆ ದೇಶದಿಂದ ಬಂದು ಇಲ್ಲಿ ಕೋಡ್ ಬರೆಯುವವರಿಗೆ ಇದು ಎದೆಗೆ ತಾಗುತ್ತದೆ. ಹಿಂದಿನ ಕೆಲಸ ಬಿಡುವಾಗ, ಶನಿವಾರ ಮನೆಯಲ್ಲಿ ಕೂತು ಮುಗಿಸೋಣ ಎಂದು ಒಂದು ಎಕ್ಸೆಲ್ ಶೀಟನ್ನು ನನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದೆ. ಬಿಟ್ಟು ಮೂರು ವಾರಕ್ಕೆ ವಕೀಲರ ಪತ್ರ ಬಂತು. ಅಳಿಸಿ, ಅಳಿಸಿದ್ದೇನೆ ಎಂದು ಸಹಿ ಮಾಡಿ ಕಳಿಸಿದೆ. ಅಲ್ಲಿಗೆ ಮುಗಿಯಿತು. ಆದರೂ ಆ ವಾರವೆಲ್ಲ ಬಾಗಿಲು ತಟ್ಟಿದ ಸದ್ದಾದರೆ ಬೆಚ್ಚಿ ಬೀಳುತ್ತಿದ್ದೆ. ಹುಡುಗನಿಗೆ ಇದನ್ನೂ ಹೇಳಿದೆ. ಆಗ ಅವನ ನಗು ನಿಂತಿತು.

ಇನ್ನೊಂದು ಹೇಳಲಿಲ್ಲ. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲೇ, ಟಾಮಾ ದಾಟುವಾಗ ಮಗಳಿಗೆ ವಾಂತಿ ಬಂತು. ಹೊಲದ ಅಂಚಿನಲ್ಲಿ ಕಾರು ನಿಲ್ಲಿಸಿ, ಮಂಡಿಯೂರಿ ಕೂತು ಅವಳ ತಲೆ ಹಿಡಿದುಕೊಂಡಿದ್ದೆ. ಹಿಂದೆ ಒಂದು ಪಿಕಪ್ ಟ್ರಕ್ ನಿಧಾನ ಆಯಿತು. ವಯಸ್ಸಾದ ರೈತ ಕಿಟಕಿ ಇಳಿಸಿ ಏನಾದರೂ ಸಹಾಯ ಬೇಕೇ ಎಂದು ಕೇಳಿದ, ಪಾಪ. ನಾನು ತಟ್ಟನೆ ಎದ್ದು ನಿಂತು, ಅವನು ಕೇಳದೇ ಇದ್ದರೂ, ಎರಡೂ ಕೈ ಬಿಚ್ಚಿ ತೋರಿಸಿದೆ.