ಒಂದೇ ರ‍್ಯಾಲಿ, ಎರಡು ಟಿವಿ

ಇವತ್ತು ಬೆಳಿಗ್ಗೆ ನ್ಯೂಜೆರ್ಸಿಲಿ ನಮ್ಮ ಜಿಮ್ಮಲ್ಲಿ ಟ್ರೆಡ್‌ಮಿಲ್ ಮುಂದೆ ಎರಡು ಟಿವಿ, ಎರಡು ಚಾನೆಲ್, ಒಂದೇ ರಾಜಕೀಯ ರ‍್ಯಾಲಿ.

ಒಂದರಲ್ಲಿ ಕ್ಯಾಮೆರಾ ವೇದಿಕೆ ಹಿಂದೆ ಬೋರ್ಡ್ ಹಿಡಿದು ಕುಣೀತಿರೋ ಜನರನ್ನ ಬಿಟ್ಟು ಅಲ್ಲಾಡ್ತಾನೇ ಇಲ್ಲ. ಇನ್ನೊಂದರಲ್ಲಿ ಮೇಲಿನ ಸಾಲಿನ ಖಾಲಿ ಕುರ್ಚಿಗಳು, ಮಧ್ಯೆ ಒಬ್ಬ ಅಜ್ಜ, ಕೋಟು ಮಡಚಿ ಪಕ್ಕದ ಸೀಟಲ್ಲಿ ಇಟ್ಕೊಂಡು ಒಬ್ಬನೇ ಕೂತಿದ್ದ, ಅವನನ್ನೇ ಮೂರ್ನಾಲ್ಕು ಸಲ ತೋರಿಸಿದ್ರು. ಎರಡೂ ನಿಜ. ಸುಳ್ಳು ಯಾರೂ ಹೇಳ್ಲಿಲ್ಲ, ನಂಗೆ ಭಯ ಆಗಿದ್ದೇ ಅದಕ್ಕೆ.

ಪಕ್ಷಗಳೂ ಅಷ್ಟೇ ಕಣ್ರೀ, ತಮಗೆ ಬೇಕಾದ್ದನ್ನಷ್ಟೇ ಹಿಡ್ಕೋತಾವೆ. 2016ರ ಮಾರ್ಚಲ್ಲಿ ಒಬಾಮಾ ಸುಪ್ರೀಂ ಕೋರ್ಟ್ ಜಡ್ಜ್ ಸ್ಥಾನಕ್ಕೆ ಮೆರಿಕ್ ಗಾರ್ಲೆಂಡ್ ಹೆಸರು ಕಳಿಸಿದಾಗ, ಎಲೆಕ್ಷನ್ ವರ್ಷ, ಜನ ತೀರ್ಮಾನ ಮಾಡ್ಲಿ ಅಂತ ರಿಪಬ್ಲಿಕನ್ನರು ಜಡ್ಜ್ ನೇಮಕಕ್ಕೆ ಒಪ್ಪಿಗೆ ಕೊಡೋ ಸೆನೆಟ್ಟಲ್ಲಿ ವಿಚಾರಣೆನೂ ನಡೆಸ್ಲಿಲ್ಲ, ಅದೇ ಪಕ್ಷ 2020ರಲ್ಲಿ ಎಲೆಕ್ಷನ್ನಿಗೆ 8 ದಿನ ಇದ್ದಾಗ ಆಮಿ ಕೋನಿ ಬ್ಯಾರೆಟ್ ಅವರನ್ನ ಅದೇ ಕೋರ್ಟಿಗೆ ಪಾಸ್ ಮಾಡ್ತು. 2016ರಲ್ಲಿ ವೋಟಿಗೆ ಹಾಕಿ ಅಂತ ಗಂಟಲು ಹರ್ಕೊಂಡಿದ್ದ ಡೆಮಾಕ್ರಾಟರು 2020ರಲ್ಲಿ ಎಲೆಕ್ಷನ್ ಮುಗೀಲಿ, ಕಾಯ್ರಿ ಅಂದ್ರು.

ಆ ಅಜ್ಜನೇ ಇನ್ನೂ ಕಣ್ಮುಂದೆ ಇದಾನೆ. ಯಾರಾದ್ರೂ ಅವನ ಹತ್ರ ಹೋಗಿ, ಯಾಕೆ ಬಂದ್ರಿ ಅಂತ ಮೈಕ್ ಹಿಡಿದು ಕೇಳ್ಬೇಕಿತ್ತು.