ಆರನೆಯ ಟಿಕೆಟು

2024ರ ಫೆಬ್ರುವರಿ 21ರ ಬುಧವಾರ ಬೆಳಿಗ್ಗೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿದಿದೆ, ಶಸ್ತ್ರಚಿಕಿತ್ಸೆ ಮಾಡಿಸಲೇಬೇಕು ಎಂದು ಕೊಪ್ಪಳದ ವೈದ್ಯರು ಹೇಳಿದ್ದರಿಂದ ಸಂಜೆಯೊಳಗೆ ಅವಳನ್ನು ಹುಬ್ಬಳ್ಳಿಗೆ ಸಾಗಿಸಿದೆವು. ಬೆಂಗಳೂರಿನಿಂದ ತಂಗಿ ರಾತ್ರಿಯ ರೈಲು ಹತ್ತಿದಳು. ಈ ಗಡಿಬಿಡಿಯಲ್ಲಿ ನನ್ನ ಮೊಬೈಲಿನೊಳಗೆ ಆರು ಟಿಕೆಟುಗಳು ಇವೆಯೆಂಬುದನ್ನು ನಾವೆಲ್ಲರೂ ಮರೆತಿದ್ದೆವು.

ಅವು ಅದೇ ಶನಿವಾರ, ಅಂದರೆ 24ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಲಿದ್ದ ಮಹಿಳಾ ಪ್ರೀಮಿಯರ್ ಲೀಗ್ ಪಂದ್ಯದ ಟಿಕೆಟುಗಳು: ಆರ್‌ಸಿಬಿ ಮತ್ತು ಯುಪಿ ವಾರಿಯರ್ಜ್. ಹಿಂದಿನ ವರ್ಷದ ಮೊದಲ ಲೀಗು ಪೂರ್ತಿ ಮುಂಬೈ ಭಾಗದಲ್ಲೇ ನಡೆದು, ಅಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರವೇಶವಿತ್ತೆಂದು ಓದಿ ಹೊಟ್ಟೆಕಿಚ್ಚುಪಟ್ಟಿದ್ದ ನನ್ನ ಇಬ್ಬರು ಹೆಣ್ಣುಮಕ್ಕಳು, ಲೀಗು ಬೆಂಗಳೂರಿಗೆ ಬರುತ್ತದೆಂದು ಗೊತ್ತಾದ ದಿನದಿಂದಲೇ ಬೆನ್ನು ಹತ್ತಿದ್ದರು. ನಾವು ನಾಲ್ವರು, ತಂಗಿ, ಅವಳ ಮಗ ಎಂದು ಲೆಕ್ಕ ಹಾಕಿ ಆರು ಕೊಂಡಿದ್ದೆ. ಆಸ್ಪತ್ರೆಯಲ್ಲಿರುವ ಅಜ್ಜಿಯನ್ನು ಬಿಟ್ಟು ಮ್ಯಾಚಿಗೆ ಹೋಗುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಚಿಕ್ಕವಳೊಬ್ಬಳು ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಗುರುವಾರ ಸೋದರಳಿಯ ಫೋನು ಮಾಡಿ, ತನ್ನ ಆಫೀಸಿನಲ್ಲಿ ಎರಡು ಪಟ್ಟು ಕೊಟ್ಟು ಕೊಳ್ಳುವವರಿದ್ದಾರೆಂದು ಹೇಳಿದ. ಆಸ್ಪತ್ರೆಯ ಖರ್ಚು ಎದುರಿಗಿದ್ದ ಹೊತ್ತಿನಲ್ಲಿ ಆ ಮಾತು ನನಗೆ ರುಚಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಐಪಿಎಲ್ ಟಿಕೆಟಿನ ಮುಂದೆ ಇವುಗಳ ಬೆಲೆ ಏನೇನೂ ಅಲ್ಲ. ಎರಡು ಪಟ್ಟಾದರೂ ಆಸ್ಪತ್ರೆಯ ಬಿಲ್ಲಿನ ಮೂಲೆಗೂ ಸಾಲುತ್ತಿರಲಿಲ್ಲ. ಕುಕನೂರಿನ ಕಡೆಯ ಹಳ್ಳಿಯೊಂದರ ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನನ್ನ ಹೆಂಡತಿ, ತಮ್ಮ ಶಾಲೆಯ ಹುಡುಗಿಯರು ಸಂಜೆ ಖೊ ಖೊ ಮುಗಿದ ಮೇಲೆ ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುತ್ತಾರೆ, ಅವರಿಗೇ ಕೊಡೋಣ ಎಂದಳು. ನಾನು ತಕ್ಷಣ ಒಪ್ಪಿದೆ. ಒಪ್ಪಿದ ಮರುಗಳಿಗೆಯಲ್ಲೇ, ಹುಡುಗಿಯರು ಕ್ರೀಡಾಂಗಣದಲ್ಲಿ ಕುಳಿತ ಒಂದು ಫೋಟೊ ತರಿಸಿ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಬೇಕೆಂದೂ ಯೋಚಿಸಿದ್ದೆ. "ಕೊಡೂದಾದ್ರ ಸುಮ್ನ ಕೊಡ್ರಿ" ಎಂದು ಅವಳು ಅಂದದ್ದರಿಂದ ಆ ಯೋಚನೆ ಅಲ್ಲಿಗೇ ನಿಂತಿತು.

ಟಿಕೆಟು ಕಳಿಸಿದರೆ ನನ್ನ ಕೆಲಸ ಮುಗಿಯಿತೆಂದೇ ನಾನು ತಿಳಿದಿದ್ದೆ. ಆಮೇಲಿನ ಎರಡು ದಿನ ಹೆಂಡತಿ ಫೋನಿನಲ್ಲಿ ಒಂದೊಂದೇ ಸಂಗತಿ ಹೇಳುತ್ತ ಹೋದಂತೆ, ಈ ಇಡೀ ಪ್ರಯಾಣದಲ್ಲಿ ಎಲ್ಲಕ್ಕಿಂತ ಸಲೀಸಾದ ವಸ್ತುವೆಂದರೆ ಟಿಕೆಟು ಮಾತ್ರ ಎಂಬುದು ನನಗೆ ಅರ್ಥವಾಯಿತು. ಮೊದಲನೆಯದಾಗಿ, ಹೆಣ್ಣುಮಕ್ಕಳನ್ನು ಸುಮಾರು 350 ಕಿಲೋಮೀಟರು ದೂರದ ಊರಿಗೆ ರಾತ್ರಿ ಬಸ್ಸಿನಲ್ಲಿ ಕಳಿಸಲು ತಂದೆತಾಯಿಗಳು ಒಪ್ಪಬೇಕಿತ್ತು. ಶಾಲೆಯ ಪಿಟಿ ಮೇಡಂ ತಾವೇ ಜೊತೆಗೆ ಹೋಗುತ್ತೇನೆಂದು, ರಾಜಾಜಿನಗರದಲ್ಲಿರುವ ತಮ್ಮ ಅಕ್ಕನ ಮನೆಯಲ್ಲಿ ಇಳಿಸಿಕೊಳ್ಳುತ್ತೇನೆಂದು ಮನೆಮನೆಗೆ ಹೋಗಿ ಹೇಳದಿದ್ದರೆ ಒಬ್ಬಳೂ ಹೊರಡುತ್ತಿರಲಿಲ್ಲ. ಹೀಗೆ ಐವರು ಹುಡುಗಿಯರು ಮತ್ತು ಮೇಡಂ ಎಂದು ಆರೂ ಟಿಕೆಟಿಗೆ ಹೆಸರು ಗೊತ್ತಾದವು.

ಬಸ್ಸಿನ ಖರ್ಚನ್ನು ಶಕ್ತಿ ಯೋಜನೆ ಹೊತ್ತುಕೊಂಡಿತು. 2023ರ ಜೂನಿನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ್ದರಿಂದ, ರಾಜಹಂಸ, ಸ್ಲೀಪರ್‌ಗಳ ಆಸೆ ಬಿಟ್ಟು ಕೆಂಪು ಬಸ್ಸಿನಲ್ಲಿ ರಾತ್ರಿಯಿಡೀ ಕುಳಿತೇ ಹೋಗುವುದೆಂದು ನಿರ್ಧಾರವಾಯಿತು. ಆ ಯೋಜನೆಯ ಬಗ್ಗೆ ಚಹಾದಂಗಡಿಯಲ್ಲಿ ಕುಳಿತು ನಾನೂ ಹಗುರವಾಗಿ ಮಾತಾಡಿದವನೇ. ಈಗ ನನ್ನ ದಾನದ ಮುಕ್ಕಾಲು ಪಾಲನ್ನು ಅದೇ ಮಾಡುತ್ತಿತ್ತು. ಆದರೆ ಅಲ್ಲಿಯೂ ಒಂದು ತೊಡಕು ಕಾದಿತ್ತು. ಉಚಿತ ಪ್ರಯಾಣಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಒಬ್ಬ ಹುಡುಗಿಯ ಆಧಾರ್ ಕಾರ್ಡಿನಲ್ಲಿ ಗೋವಾದ ವಿಳಾಸವಿತ್ತು. ಅವಳು ಚಿಕ್ಕವಳಿದ್ದಾಗ ತಂದೆತಾಯಿ ಗುಳೆ ಹೋಗಿ ಅಲ್ಲಿಯೇ ಕೆಲವು ವರ್ಷ ದುಡಿದಿದ್ದರು, ಕಾರ್ಡು ಅಲ್ಲಿಯೇ ಆಗಿತ್ತು, ಊರಿಗೆ ಮರಳಿದ ಮೇಲೆ ವಿಳಾಸ ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಉಳಿದವರಿಗೆ ಶೂನ್ಯ ದರದ ಟಿಕೆಟು ಹರಿದುಕೊಟ್ಟ ಕಂಡಕ್ಟರು ಅವಳಿಗೆ ಪೂರ್ತಿ ದರದ ಟಿಕೆಟು ಕೊಟ್ಟರಂತೆ. ಅವರದೇನೂ ತಪ್ಪಿಲ್ಲ. ಎಲ್ಲರ ಎದುರು ತನ್ನೊಬ್ಬಳ ಸಲುವಾಗಿ ಮೇಡಂ ಪರ್ಸು ತೆಗೆದದ್ದಕ್ಕೆ ಆ ಹುಡುಗಿ ಚಿತ್ರದುರ್ಗದವರೆಗೂ ಯಾರೊಂದಿಗೂ ಮಾತಾಡಲಿಲ್ಲವಂತೆ.

ಅಷ್ಟರೊಳಗೆ ಐವರಲ್ಲಿ ಒಬ್ಬಳು ಊರಿನಲ್ಲೇ ಉಳಿದಾಗಿತ್ತು. ಮೇಡಂ ಹೇಳುವ ಪ್ರಕಾರ ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೌಲಿಂಗ್ ಮಾಡುವವಳು ಅವಳೇ. ಮೆಣಸಿನಕಾಯಿ ಬಿಡಿಸುವ ಸುಗ್ಗಿ ನಡೆದಿತ್ತು. ತಾಯಿ ನಸುಕಿನಲ್ಲೇ ಎದ್ದು ಪರರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. "ಆಕಿ ಹ್ವಾದ್ರ ಸಣ್ಣ ಹುಡುಗೂರ್ನ ಯಾರ್ ನೋಡ್ತಾರ್ರೀ ಟೀಚರ? ಎರಡ್ ದಿನದ ಪಗಾರ ಬಿಟ್ಟು ನಾ ಮನ್ಯಾಗ ಕುಂಡ್ರಾಕ ಆಕ್ಕೈತೇನು?" ಎಂದು ತಾಯಿ ಕೇಳಿದಳು. ಆ ಪಗಾರವನ್ನು ನಾವೇ ಕೊಡುತ್ತೇವೆಂದು ಹೇಳಬಾರದೇ ಎಂದು ನಾನು ಹೆಂಡತಿಯನ್ನು ಕೇಳಿದೆ. ಸುಗ್ಗಿಯ ನಡುವೆ ಗುಂಪು ಬಿಟ್ಟು ನಿಂತರೆ ಮರುದಿನ ಆ ಹೊಲದವರು ಕರೆಯುವುದಿಲ್ಲ, ಅದು ಎರಡು ದಿನದ ದುಡ್ಡಿನ ಮಾತಲ್ಲ ಎಂದು ಅವಳು ವಿವರಿಸಿದಳು. ತಾಯಿಯೇ ಇನ್ನೊಂದು ದಾರಿ ತೋರಿಸಿದ್ದಳು: "ಅವರಪ್ಪ ಬೆಂಗಳೂರಾಗ ಅದಾನ್ರಿ, ಆ ಚೀಟಿ ಆತಗ ಕೊಡ್ರಿ."

ಹುಡುಗಿಯ ತಂದೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಶುಕ್ರವಾರ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅವನಿಗೆ ನಾನೇ ಫೋನು ಮಾಡಿದೆ. ಗೌರವದಿಂದಲೇ ಮಾತಾಡಿದ, ಮಗಳು ಬರುತ್ತಾಳೇನೋ ಎಂದು ಮೊದಲು ಕೇಳಿದ. ಬರುವುದಿಲ್ಲವೆಂದು ತಿಳಿದ ಮೇಲೆ, "ನಾಳಿ ಸ್ಲ್ಯಾಬ್ ಹಾಕೂದೈತ್ರಿ ಸರ, ಮುಗಿಯೂತನಕ ಬಿಡಂಗಿಲ್ಲ" ಎಂದ. ಕಾಂಕ್ರೀಟು ಹಾಕಲು ಶುರು ಮಾಡಿದರೆ ನಡುವೆ ನಿಲ್ಲಿಸುವ ಹಾಗಿಲ್ಲವೆಂಬುದು ನನಗೂ ಗೊತ್ತಿತ್ತು. ಅದೇ ಊರಿನೊಳಗಿನ ಒಂದು ಕುರ್ಚಿ ಅವನಿಗೆ ಕೊಪ್ಪಳದಷ್ಟೇ ದೂರವಾಗಿತ್ತು. ಆರನೆಯ ಟಿಕೆಟಿಗೆ ಆಮೇಲೆ ಯಾರನ್ನೂ ಹುಡುಕಲಿಲ್ಲ. ಸೋದರಳಿಯನಿಗೆ ಕೊಡಬಹುದಿತ್ತು, ಯಾಕೋ ಮನಸ್ಸು ಬರಲಿಲ್ಲ.

ಶನಿವಾರ ಸಂಜೆ ಅವ್ವನ ಮಂಚದ ಪಕ್ಕದಲ್ಲಿ ಮೊಬೈಲಿನ ದನಿ ಅಡಗಿಸಿಕೊಂಡು ಪಂದ್ಯ ನೋಡಿದೆ. ಅತ್ತ ಕ್ರೀಡಾಂಗಣದ ಬಾಗಿಲಲ್ಲಿ ನಾನು ಊಹಿಸದಿದ್ದ ಕೊನೆಯ ತೊಡಕು ಎದುರಾಗಿತ್ತೆಂದು ಆಮೇಲೆ ತಿಳಿಯಿತು. ಒಳಗೆ ತಿನಿಸು ದುಬಾರಿ ಎಂದು ಹುಡುಗಿಯರು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡು ಹೋಗಿದ್ದರು; ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಚೆಲ್ಲಲು ಮನಸ್ಸಾಗದೆ ಐವರೂ ಕಬ್ಬನ್ ಪಾರ್ಕಿನ ಬದಿಯ ಕಟ್ಟೆಯ ಮೇಲೆ ಕುಳಿತು ಎಲ್ಲ ರೊಟ್ಟಿ ಮುಗಿಸಿ ಒಳಹೊಕ್ಕರು. ಅಷ್ಟರಲ್ಲಿ ಮೊದಲ ಕೆಲವು ಓವರುಗಳು ಕಳೆದುಹೋಗಿದ್ದವು.

ಆದರೆ ಕೊನೆಯ ಭಾಗ ತಪ್ಪಲಿಲ್ಲ. ಆರ್‌ಸಿಬಿ ಹೊಡೆದ 157 ರನ್ನನ್ನು ಬೆನ್ನತ್ತಿದ್ದ ಯುಪಿ ತಂಡ ಗೆಲ್ಲುತ್ತದೆಂದು ನಾನು ಮೊಬೈಲು ಮುಚ್ಚುವುದರಲ್ಲಿದ್ದಾಗ, ಹದಿನೇಳನೆಯ ಓವರಿನಲ್ಲಿ ಶೋಭನಾ ಆಶಾ ಮೂರು ವಿಕೆಟ್ ಕಿತ್ತರು. ಒಟ್ಟು 22 ರನ್ನಿಗೆ ಐದು ವಿಕೆಟ್. ಆ ಲೀಗಿನಲ್ಲಿ ಭಾರತದ ಬೌಲರೊಬ್ಬರು ಒಂದೇ ಪಂದ್ಯದಲ್ಲಿ ಐದು ವಿಕೆಟ್ ಪಡೆದದ್ದು ಅದೇ ಮೊದಲು. ಎರಡೇ ರನ್ನಿನ ಗೆಲುವು. ನಾನು ಕುಳಿತಲ್ಲೇ ಕೈ ಎತ್ತಿದ್ದನ್ನು ಕಂಡು, ಪಕ್ಕದ ಮಂಚದ ರೋಗಿಯ ಮಗ ಏನಾಯಿತೆಂದು ಎದ್ದು ಬಂದ.

ಸೋಮವಾರ ಮೇಡಂ ನನ್ನ ಹೆಂಡತಿಯ ಕೈಗೆ ಒಂದು ಚೀಟಿಯಲ್ಲಿ ಲೆಕ್ಕ ಬರೆದು ಕೊಟ್ಟಿದ್ದರು. ನಾವು ಕಳಿಸಿದ್ದ ದುಡ್ಡಿನಲ್ಲಿ ಗೋವಾ ವಿಳಾಸದ ಹುಡುಗಿಯ ಎರಡು ಬಸ್ ಟಿಕೆಟು, ನೀರು, ಒಂದು ಸಲದ ಚಹಾ ಕಳೆದು ಉಳಿದದ್ದನ್ನು ಚಿಲ್ಲರೆಯ ಸಮೇತ ಮರಳಿಸಿದ್ದರು. ಜನರ ಗದ್ದಲ ಕಂಡು ಹೆದರಿದಿರಾ ಎಂದು ಹೆಂಡತಿ ಕೇಳಿದ್ದಕ್ಕೆ ಒಬ್ಬಳು, "ಗವಿಮಠದ ಅಜ್ಜನ ಜಾತ್ರ್ಯಾಗ ಇದಕ್ಕಿಂತ ಹೆಚ್ಚಿನ ಮಂದಿ ಇರ್ತಾರ್ರೀ ಟೀಚರ" ಎಂದಳಂತೆ. ಬೌಂಡರಿ ಹೊಡೆದಾಗ ಎತ್ತಿ ಹಿಡಿಯಲು ಅಲ್ಲಿ ಹಂಚಿದ್ದ ರಟ್ಟಿನ ಹಲಗೆಯನ್ನು, ಒಂದು ಬದಿಗೆ 4, ಇನ್ನೊಂದು ಬದಿಗೆ 6 ಎಂದು ಅಚ್ಚಾದದ್ದನ್ನು, ಬರದೆ ಉಳಿದ ಗೆಳತಿಗೆಂದು ಅವರು ಒಂದು ಹೆಚ್ಚಿಗೆ ತಂದಿದ್ದರು.

ಅವ್ವ ಊರುಗೋಲು ಹಿಡಿದು ನಡೆಯುವ ಹೊತ್ತಿಗೆ ಮಾರ್ಚ್ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಹೆಂಡತಿಯೊಂದಿಗೆ ಆ ಹಳ್ಳಿಗೆ ಹೋದವನು ಆ ಹುಡುಗಿಯ ಮನೆಗೂ ಹೋದೆ. ಕರೆಂಟು ಇರಲಿಲ್ಲ. ತಾಯಿ ಬಾಗಿಲ ಬಳಿ ಕುಳಿತು, ಮಲಗಿದ್ದ ಸಣ್ಣ ಮಗನಿಗೆ ಅದೇ ರಟ್ಟಿನಿಂದ ಗಾಳಿ ಬೀಸುತ್ತಿದ್ದಳು; ನಾಲ್ಕು, ಆರು, ನಾಲ್ಕು, ಆರು ಎಂದು ಅಂಕಿಗಳು ತಿರುಗುತ್ತಿದ್ದವು. ನಾನು ಯಾರೆಂದು ಗೊತ್ತಾದ ಮೇಲೆ ಸೆರಗು ಸರಿಪಡಿಸಿಕೊಂಡು, ಚಾಪೆ ಹಾಸಲು ಮಗಳಿಗೆ ಹೇಳಿ, ನನ್ನ ಕಡೆಗೆ ತಿರುಗಿದಳು.

"ಮುಂದಿನ ಸಲ ಮೆಣಸಿನಕಾಯಿ ಮುಗದ ಮ್ಯಾಲೆ ಇಡಾಕ ಹೇಳ್ರಿ ಸರ, ಮ್ಯಾಚು."